ಜಿಗಣೆಯ ವಿರುದ್ಧ ನಾನು ಬರೆದ ವರದಿ

ಮೂಡುಬಿದಿರೆಯ ಬಸ್ ನಿಲ್ದಾಣದಲ್ಲಿ ಅವನು ಆ ಮಾತನ್ನು ನನ್ನ ವಿದ್ಯಾರ್ಥಿಗಳ ಎದುರೇ ಹೇಳಿದನೋ, ಅವರು ಬಸ್ಸು ಹತ್ತಿದ ಮೇಲೆ ಹೇಳಿದನೋ, ಈಗ ನನಗೆ ಖಚಿತವಿಲ್ಲ. ಮನಸ್ಸಿನಲ್ಲಿ ಹೊರಳಿಸಿ ಹೊರಳಿಸಿ ಆ ದೃಶ್ಯಕ್ಕೆ ನಾನೇ ಜನ ಸೇರಿಸಿರಬಹುದು. ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನು. ಒಬ್ಬನೇ ಸಾಕ್ಷಿ, ಅದೂ ನಾನೇ, ನನಗೋ ಹಳೆಯ ಸಿಟ್ಟು. ಇಂಥದ್ದನ್ನು ಬೇರೆ ಯಾರಾದರೂ ತಂದರೆ ನಂಬುವುದಿಲ್ಲ. ಮಾತು ಮಾತ್ರ ಕಿವಿಯಲ್ಲೇ ಇದೆ.

“ಎಂತ ಸರ್, ನಿನ್ನೆ ಪುನಃ ಚಾರ್ಜ್ ಮುಗಿದು ನಿಮ್ಮ ಗಾಡಿ ನಡುದಾರಿಯಲ್ಲಿ ನಿಂತಿತಲ್ಲ?”

ಹೇಳಿದ್ದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಅರ್ಧ ಮೊನಚು ಹೋಗುತ್ತದೆ. ಗಾಡಿ ಎಂದರೆ ಕಂಪ್ಯೂಟರ್ ಆಟದಲ್ಲಿನ ನನ್ನ ಅಂತರಿಕ್ಷ ನೌಕೆ. ಅವನು ಹೈಸ್ಕೂಲಿನಲ್ಲಿ ನನ್ನ ಬೆಂಚಿನವನು, ಈಗ ಮಡಂತ್ಯಾರಿನಲ್ಲಿ ಪಂಪ್ ರಿಪೇರಿಯ ಅಂಗಡಿ ಇಟ್ಟಿದ್ದಾನೆ. ನಾನು ವಿಶ್ವವಿದ್ಯಾನಿಲಯ ಮುಗಿಸಿ ಬಂದಂದಿನಿಂದ ನಾಲ್ಕು ಜನರಿದ್ದಾಗ ನನ್ನನ್ನು ‘ಸರ್’ ಎನ್ನುತ್ತಾನೆ. ಗೌರವಕ್ಕಲ್ಲ. ಸಂಜೆಯಾದರೆ ಅವನು ಅಂಗಡಿಯಲ್ಲಿ, ನಾನು ಶಿರ್ತಾಡಿಯ ಮನೆಯಲ್ಲಿ ಕೂತು ಒಂದೇ ಆನ್‌ಲೈನ್ ಆಟದಲ್ಲಿ ಒಬ್ಬರ ನೌಕೆಯನ್ನೊಬ್ಬರು ಹೊಡೆಯುತ್ತಿದ್ದೆವು.

ಅವನ ಬಳಿ ಒಂದು ಆಯುಧವಿತ್ತು. ನಾವದನ್ನು ಜಿಗಣೆ ಎನ್ನುತ್ತಿದ್ದೆವು. ಅದು ನೌಕೆಯ ಮೈಗೆ ಏನೂ ಮಾಡುವುದಿಲ್ಲ, ಒಳಗಿನ ಚಾರ್ಜನ್ನು ಹೀರುತ್ತದೆ. ಎಂಜಿನ್, ರಕ್ಷಾಕವಚ, ತೋಪು ಎಲ್ಲವೂ ನಡೆಯುವುದು ಆ ಒಂದೇ ಚಾರ್ಜಿನಿಂದ. ಅದು ಸೊನ್ನೆಯಾದರೆ ನೌಕೆ ಕತ್ತಲಲ್ಲಿ ಸುಮ್ಮನೆ ತೇಲುತ್ತದೆ. ಆಮೇಲೆ ಅವನು ಅವಸರವಿಲ್ಲದೆ, ಸುತ್ತ ಎರಡು ಪ್ರದಕ್ಷಿಣೆ ಬಂದು, ಸಾಮಾನ್ಯ ತೋಪಿನಲ್ಲಿ ಮುಗಿಸುತ್ತಿದ್ದ. ಆ ಪ್ರದಕ್ಷಿಣೆಯನ್ನು ನನಗೆ ಕ್ಷಮಿಸಲಾಗಲಿಲ್ಲ. ಸತತವಾಗಿ ಹನ್ನೊಂದು ಸಲ ಸೋತೆ ಎಂದು ನೆನಪು. ಒಂಬತ್ತೂ ಇರಬಹುದು.

ಅಷ್ಟರಲ್ಲಿ ಆಟ ನಡೆಸುವ ಕಂಪನಿಯವರು, ಯಾವ ಆಯುಧದ ಬಲ ಹೆಚ್ಚಾಗಿದೆ, ಯಾವುದರದು ಕಡಿಮೆ, ಪರೀಕ್ಷಿಸಿ ತಿಳಿಸಿ ಎಂದು ಆಟಗಾರರನ್ನೇ ಕೇಳಿದರು. ನನಗೆ ಬೇಕಾದದ್ದೇ ಅದು. ಎರಡು ಭಾನುವಾರ ಬೆಳಗ್ಗೆ ಪರೀಕ್ಷೆಗೆಂದೇ ಬಿಟ್ಟ ಸರ್ವರಿನಲ್ಲಿ ಅಪರಿಚಿತರಿಂದ ಜಿಗಣೆ ಕಚ್ಚಿಸಿಕೊಂಡು, ಪ್ರತಿ ಸೆಕೆಂಡಿಗೆ ಎಷ್ಟು ಚಾರ್ಜ್ ಇಳಿಯಿತು ಎಂದು ಬರೆದುಕೊಂಡೆ.

ಎರಡನೆಯ ಭಾನುವಾರ ಗೊತ್ತಾಯಿತು, ತಪ್ಪು ನನ್ನದೂ ಇತ್ತು. ನಮ್ಮ ಕಡೆ ತೋಟದ ಪಂಪಿಗೆ ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೆಂದು ಕಾಯುತ್ತ ಕೂರುವವರಿಲ್ಲ. ಸ್ಟಾರ್ಟರನ್ನು ಆಟೋದಲ್ಲಿಟ್ಟರೆ ಕರೆಂಟು ಬಂದ ಕೂಡಲೇ ಪಂಪು ತಾನೇ ಚಾಲೂ ಆಗುತ್ತದೆ. ಚಿಕ್ಕಂದಿನಿಂದ ಆಟೋದಲ್ಲಿರುವ ಸ್ವಿಚ್ಚನ್ನೇ ನೋಡಿದವನು ನಾನು. ಆಟ ಶುರು ಮಾಡಿದ ದಿನವೇ ಯೋಚಿಸದೆ ನೌಕೆಯ ಕವಚವನ್ನೂ ಆಟೋದಲ್ಲಿಟ್ಟಿದ್ದೆ. ಹಾಗಾಗಿ ಸೊನ್ನೆಯಾದ ಮೇಲೆ ಹನಿ ಹನಿಯಾಗಿ ಮರಳುವ ಚಾರ್ಜನ್ನೆಲ್ಲ ಕವಚವೇ ಕುಡಿಯುತ್ತಿತ್ತು, ಎಂಜಿನ್ನಿಗೆ ಏನೂ ಉಳಿಯುತ್ತಿರಲಿಲ್ಲ. ಆಟೋ ತೆಗೆದು ನೋಡಿದೆ. ಜಿಗಣೆ ಹಿಡಿದರೂ ನೌಕೆ ತೆವಳಿಕೊಂಡು ಅದಕ್ಕೆ ಎಟಕುವ ದೂರದಿಂದ ಹೊರಗೆ ಹೋಯಿತು.

ಇದನ್ನು ವರದಿಯಲ್ಲಿ ಬರೆಯಲಿಲ್ಲ. ಮರೆತದ್ದಲ್ಲ. ಆಟೋದಲ್ಲಿದ್ದಾಗಿನ ಅಂಕಿಗಳನ್ನೇ ಕೋಷ್ಟಕ ಮಾಡಿ, ಗ್ರಾಫ್ ಎಳೆದು, ಈ ಆಯುಧಕ್ಕೆ ಪ್ರತಿತಂತ್ರವೇ ಇಲ್ಲ ಎಂದು ತೀರ್ಮಾನಿಸಿದೆ. ಇಂಥ ಪ್ರಾಜೆಕ್ಟ್ ತಂದ ವಿದ್ಯಾರ್ಥಿಯನ್ನು ನಾನು ಫೇಲ್ ಮಾಡುತ್ತಿದ್ದೆ. ಎಲ್ಲ ಆಟಗಾರರೂ ಓದುವ ಆಟದ ಜಾಲತಾಣಕ್ಕೆ ಅದನ್ನು ಕಳುಹಿಸಿದ ದಿನ ಊಟ ರುಚಿಸಿತು.

ಒಂದು ಸೋಮವಾರ ಪ್ರಕಟಣೆ ಬಂತು: ಜಿಗಣೆ ಹೀರುವ ಪ್ರಮಾಣವನ್ನು ಅರ್ಧಕ್ಕೆ ಇಳಿಸಲಾಗಿದೆ. ನನ್ನ ವರದಿಯ ಒಂದು ವಾಕ್ಯ ಅದರಲ್ಲಿ ಹಾಗೇ ಇತ್ತು ಎಂದು ನೆನಪು. ಬಹುಶಃ ಅದು ನನ್ನ ಆಸೆ. ಮರುದಿನ ಕಾಲೇಜು ಬಿಟ್ಟ ಮೇಲೆ ಲ್ಯಾಪ್‌ಟಾಪ್ ಬೆನ್ನಿಗೆ ಹಾಕಿಕೊಂಡು ಬೈಕಿನಲ್ಲಿ ಮಡಂತ್ಯಾರಿಗೆ ಹೋದೆ. ಸೋಲುವಾಗ ಅವನ ಮುಖ ಹೇಗಿರುತ್ತದೆಂದು ನೋಡಬೇಕಿತ್ತು.

ಬಿಚ್ಚಿದ ಮೋಟಾರುಗಳ ನಡುವೆ ಎದುರುಬದುರು ಕೂತೆವು. ಅವನು ಎಂದಿನಂತೆ ಜಿಗಣೆಯನ್ನೇ ಕಟ್ಟಿಕೊಂಡು ಬಂದ. ಕಚ್ಚಿದ. ಚಾರ್ಜ್ ಜೋರಾಗಿಯೇ ಇಳಿದಂತೆ ಕಂಡಿತು. ಹೆದರಿಕೆಯಲ್ಲಿ ಎಲ್ಲವೂ ಜೋರಾಗಿಯೇ ಕಾಣುತ್ತದೆ ಎಂದುಕೊಂಡೆ. ಕವಚ ಆರಿಸಿ ಇದ್ದದ್ದನ್ನೆಲ್ಲ ಎಂಜಿನ್ನಿಗೆ ಕೊಟ್ಟು ದೂರ ಸರಿದೆ, ಚಾರ್ಜ್ ತುಂಬಿಕೊಂಡು ಅವನ ಹಿಂದಿನಿಂದ ಬಂದು ಹೊಡೆದೆ. ಮುಗಿಸುವ ಮೊದಲು ಎರಡು ಪ್ರದಕ್ಷಿಣೆ ಬಂದೆ.

ಅವನು ಮೌಸನ್ನು ಪಕ್ಕಕ್ಕಿಟ್ಟ. “ಗೆದ್ದೆ ಅಂತ ಹೇಳಿಕೊಂಡು ತಿರುಗಬೇಡ ಮಾರಾಯ. ಕೈ ಕಟ್ಟಿಸಿ ಕುಸ್ತಿಗೆ ಕರೆದದ್ದು ನೀನು.”

“ಕಟ್ಟಿದ್ದು ಆಟದವರು.”

“ಕಟ್ಟಿಸಿದ್ದು ನಿನ್ನ ವರದಿ. ನಾನೂ ಓದಿದ್ದೇನೆ. ನಿನ್ನ ಆಟೋ ವಿಷಯ ಅದರಲ್ಲಿ ಎಲ್ಲಿ ಉಂಟು?”

ನಾನು ಲ್ಯಾಪ್‌ಟಾಪ್ ಮುಚ್ಚಿದೆ. “ನಿಂಗೆ ಗೊತ್ತಿತ್ತಾ?”

“ಮೊದಲ ದಿನವೇ. ಪಂಪಿನವನಿಗೆ ಅಷ್ಟೂ ಗೊತ್ತಾಗ್ಲಿಕ್ಕಿಲ್ವಾ?”

ಅಷ್ಟು ಸಂಜೆಗಳೂ ನನ್ನ ತಪ್ಪನ್ನು ನೋಡುತ್ತಲೇ ಪ್ರದಕ್ಷಿಣೆ ಹಾಕಿದ್ದ. ವರದಿಯ ಬಗ್ಗೆ ಒಂದಿಷ್ಟು ನಾಚಿಕೆ ಹುಟ್ಟುವುದರಲ್ಲಿತ್ತು. ಆ ಮಾತಿಗೆ ಅದು ಅಲ್ಲೇ ಸತ್ತಿತು.

ಅವನು ಆ ಆಟ ಬಿಟ್ಟ. ಆದರೆ ಮಡಂತ್ಯಾರಿನಲ್ಲಿ ನಮ್ಮಿಬ್ಬರನ್ನೂ ಬಲ್ಲವರಿಗೆಲ್ಲ, ಆಯುಧದ ಹಲ್ಲು ಕೀಳಿಸಿ ಗೆದ್ದ ಮೇಷ್ಟ್ರು ಎಂದು ನನ್ನ ಪರಿಚಯ ಮಾಡಿಕೊಟ್ಟ. ನಾನೂ ಅದನ್ನೇ ನಂಬಿದ್ದೆ. ಎದುರೆದುರು ಕೂತು ಗೆದ್ದ ಒಂದೇ ಒಂದು ಪಂದ್ಯ ನನ್ನದೋ, ನನ್ನ ವರದಿಯದೋ ಎಂದು ತಿಂಗಳುಗಟ್ಟಲೆ ಕೊರೆಯಿತು.

ಕೊನೆಗೆ ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕೂತು ಆಟದ ಹಳೆಯ ದಾಖಲೆಗಳನ್ನು ತೆರೆದೆ. ಪ್ರಕಟಣೆ ಹೊರಟದ್ದು ಸೋಮವಾರ. ನಾವು ಆಡಿದ್ದು ಮಂಗಳವಾರ. ಜಿಗಣೆಯ ಬಲ ಇಳಿಸಿದ ಬದಲಾವಣೆ ನಾವು ಆಡುವ ಸರ್ವರಿಗೆ ಬಂದದ್ದು ಎರಡು ದಿನ ಕಳೆದು, ಗುರುವಾರ.