ಹುಟ್ಟಿದ ದಿನ ಹೇಳದ ಮೇಸ್ತ್ರಿ

ಲಿಫ್ಟ್ ರಿಪೇರಿ ಮಾಡುವ ನಮ್ಮ ಮೇಸ್ತ್ರಿಗೆ ಬೀದಿಯವರು ಇಟ್ಟ ಹೆಸರು ಗುಟ್ಟಪ್ಪ. ಊಟ ಆಯ್ತಾ ಎಂದು ಕೇಳಿದರೂ "ನಿನಗ್ಯಾಕಯ್ಯಾ ಅದು?" ಎಂದು ಹುಬ್ಬು ಗಂಟಿಕ್ಕುವ ಆಸಾಮಿ. ಮೋಟರಿನ ಜೊತೆ ಬರುವ ಪುಸ್ತಕ ಓದಲೆಂದು ಇಂಗ್ಲಿಷ್ ಕಲಿಸುವ ವೆಬ್‌ಸೈಟಿಗೆ ಸೇರಿದಾಗ, ಮೊದಲು ಫೋನಿನ ಕ್ಯಾಮೆರಾಕ್ಕೆ ಕಪ್ಪು ಟೇಪು ಅಂಟಿಸಿದ. ಪಾಸ್‌ವರ್ಡ್ ಎಷ್ಟು ಉದ್ದ ಇಟ್ಟನೆಂದರೆ, ಅದನ್ನು ಒತ್ತಿ ಮುಗಿಸುವಷ್ಟರಲ್ಲಿ ಟೀ ಆರಿಹೋಗುತ್ತಿತ್ತು. ಹೆಸರು ಕೇಳಿದರೆ ಸುಳ್ಳು ಹೆಸರು, ಊರು ಕೇಳಿದರೆ ಇಲ್ಲದ ಊರು. ಹುಟ್ಟಿದ ದಿನ ಕೇಳಿದ್ದೇ ತಡ, ಪಿತ್ತ ನೆತ್ತಿಗೇರಿತು. "ಇವರೇನು ನನಗೆ ಹೆಣ್ಣು ಕೊಡ್ತಾರಾ?" ಎಂದು ಕೈಗೆ ಸಿಕ್ಕ ವರ್ಷ ಒತ್ತಿದ. ಒಂದೇ ಏಟಿಗೆ ಮೇಸ್ತ್ರಿಗೆ ಒಂಬತ್ತು ವರ್ಷವಾಯಿತು. ಕಲಿಯುವವರು ಚಿಕ್ಕ ಮಕ್ಕಳಾದರೆ ತಾಯಿಯ ಒಪ್ಪಿಗೆ ಬೇಕು, ಅವರ ನಂಬರ್ ಕೊಡಿ ಎಂದಿತು ವೆಬ್‌ಸೈಟು. ಪರರ ನಂಬರ್ ಕೊಡುವ ಜಾತಿಯಲ್ಲ, ಹೆಂಡತಿಯದನ್ನೇ ಕೊಟ್ಟ. ಅಂದಿನಿಂದ ವಾರಕ್ಕೊಮ್ಮೆ ಅವಳಿಗೆ ಸಂದೇಶ: "ನಿಮ್ಮ ಮಗ ಜಾಣ. ಬೆನ್ನು ತಟ್ಟಿ." ಅವಳು ತಟ್ಟಿಯೇ ಬಿಡುತ್ತಿದ್ದಳು. "ರೀ, ಈ ವಾರ ಹನ್ನೆರಡು ತಪ್ಪಂತೆ, ಹೋಗಿ ಮೂಲೇಲಿ ನಿಂತ್ಕೊಳ್ಳಿ" ಎಂದು ನಗುತ್ತಲೇ ಗದರಿದಳು. ಮಾನ ಹೋಯಿತೆಂದು ಕುದಿದು, ಅವನು ನಿಜವಾದ ವಯಸ್ಸು ಹಾಕಲು ಹೊರಟ. "ಹಾಗೇ ಇರ್ಲಿ ಬಿಡ್ರೀ" ಎಂದಳು, ಈ ಸಲ ನಗಲಿಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಅವರಿಗೆ ಮಕ್ಕಳಿಲ್ಲ. ಅವಳ ಫೋನ್ ಕಿತ್ತುಕೊಂಡು ನೋಡಿದರೆ, ಮಗನ ಬಗ್ಗೆ ಬಂದ ಒಂದು ಸಂದೇಶವನ್ನೂ ಅವಳು ಅಳಿಸಿರಲಿಲ್ಲ. ಗುಟ್ಟಪ್ಪ ವಯಸ್ಸು ಬದಲಿಸದೆ ಪಾಠಕ್ಕೆ ಕೂತ. ಆ ವಾರ ಒಳ್ಳೇ ಮಾರ್ಕು ಬರಲೇಬೇಕಿತ್ತು.