ಮಂಚವಿರುವ ವ್ಯಾನು

ಮನೆ ನೋಡಲು ಹೋದವರು ಬಾನೆಟ್ ಎತ್ತಿಸುವುದನ್ನು ಎಲ್ಲಾದರೂ ಕಂಡಿದ್ದೀರಾ? ಕಳೆದ ವಾರ ನಾನು ಎತ್ತಿಸಿದೆ.

ನಜರ್‌ಬಾದಿನಲ್ಲಿ ಒಂದು ಹಳೇ ಡೀಸೆಲ್ ವ್ಯಾನು ಮಾರಾಟಕ್ಕಿತ್ತು. ಬರೀ ವ್ಯಾನಲ್ಲ. ಒಳಗೆ ಮಂಚ, ಗ್ಯಾಸ್ ಒಲೆ, ನೀರಿನ ಡ್ರಮ್ಮು, ಹೂವಿನ ಪರದೆ. ರಿಟೈರಾದ ಮೇಷ್ಟ್ರೊಬ್ಬರು ಯಾತ್ರೆಗೆಂದು ಮಾಡಿಸಿಕೊಂಡಿದ್ದ ಓಡಾಡುವ ಮನೆ. ಈಗ ಅವರಿಗೆ ಕಣ್ಣು ಮಂಜು, ದೂರದ ಡ್ರೈವಿಂಗ್ ಆಗದು.

ನಿನಗೇಕೆ ಬೇಕಿತ್ತು ಅಂತೀರಾ? ನನ್ನ ಹೆಂಡತಿ ಸರೋಜಳಿಗೆ ಬೆನ್ನಿನ ಆಪರೇಷನ್ ಆಗಿ ಮೂರು ವರ್ಷ. ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಲಾರಳು. ಬಸ್ಸು, ರೈಲು, ಕಾರು ಎಲ್ಲ ಬಂದ್. ಕುವೆಂಪುನಗರದ ನಮ್ಮ ಮನೆ ಬಿಟ್ಟರೆ ಅವಳು ಕಂಡದ್ದು ಆಸ್ಪತ್ರೆ ಮಾತ್ರ. ಒಂದು ಸಲ ಮಂಗಳೂರಿಗೆ ಹೋಗಿ ಸಮುದ್ರ ನೋಡಬೇಕು ಎಂದು ಆಗಾಗ ಹೇಳುತ್ತಿದ್ದಳು. ಮಲಗಿಸಿಕೊಂಡೇ ಕರೆದೊಯ್ಯುವ ಗಾಡಿ ಇದೆ ಎಂದರೆ ಬಿಡುತ್ತೇನೆಯೇ?

ಹೊರಟವರು ಮೂವರು. ನಾನು, ನನ್ನ ಭಾಮೈದ, ಇಲವಾಲದ ಮೆಕ್ಯಾನಿಕ್ ನಂಜುಂಡಿ. ತಾನೂ ಬರುತ್ತೇನೆ ಎಂದಳು ಸರೋಜ. ಆಟೋದಲ್ಲಿ ಕುಲುಕಿಸಿಕೊಂಡು ನೋವು ಜಾಸ್ತಿ ಮಾಡಿಕೊಳ್ಳಬೇಡ, ನಾವು ನೋಡಿಕೊಂಡು ಬರುತ್ತೇವೆ ಎಂದು ತಡೆದೆವು. (ಪ್ರೀತಿಯಿಂದಲೇ ತಡೆದೆವು, ಅದೇ ನೋಡಿ ತಮಾಷೆ.)

ನಾವು ಕಾಯಬಾರದೆಂದು ಮೇಷ್ಟ್ರು ಗಾಡಿಯನ್ನು ಆಗಲೇ ಸ್ಟಾರ್ಟ್ ಮಾಡಿ ಇಟ್ಟಿದ್ದರು. ನಂಜುಂಡಿ ಬಾನೆಟ್ ಮುಟ್ಟಿ ಮುಖ ಸಿಂಡರಿಸಿದ.

‘‘ಬಿಸಿ ಎಂಜಿನ್ ಎಲ್ಲಾನೂ ಮುಚ್ಚಾಕ್‌ಬುಡ್ತದೆ ಸಾ. ನಾಳೆ ಬೆಳಿಗ್ಗೆ ತಣ್ಣಗಿದ್ದಾಗ ನೋಡವ.’’

ಮೇಷ್ಟ್ರು ಪೆಚ್ಚಾದರು. ಕಾಫಿ ಕೊಟ್ಟರು. ನಾವಿಬ್ಬರು ಕುಡಿದೆವು, ನಂಜುಂಡಿ ಮುಟ್ಟಲಿಲ್ಲ. ಕಾಫಿ ಕುಡಿದ ಮನೆಯ ಗಾಡಿಯಲ್ಲಿ ಹುಳುಕು ಹೇಳಲು ನಮ್ಮ ಮೈಸೂರಿನವರಿಗೆ ಬಾಯಿ ಬರುವುದಿಲ್ಲ ಎಂದು ಅವನಿಗೆ ಗೊತ್ತು.

ಮರುದಿನ ಬೆಳಿಗ್ಗೆ ಎಂಜಿನ್ ಎರಡು ಸಲ ಕೆಮ್ಮಿ ಶುರುವಾಯಿತು. ಮೊದಲು ಬಿಳಿ ಹೊಗೆ, ಆಮೇಲೆ ಅದೂ ಇಲ್ಲ. ನೀಲಿ ಹೊಗೆ ಬಂದಿದ್ದರೆ ಆಯಿಲ್ ಕುಡಿಯುತ್ತಿದೆ ಎಂದು ಅರ್ಥವಂತೆ. ನಂಜುಂಡಿ ಗೋಣಿಚೀಲ ಹಾಸಿಕೊಂಡು ಗಾಡಿಯ ಅಡಿಗೆ ನುಗ್ಗಿ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿದ. ಒಂದು ಕಡೆ ತಳದ ತಗಡು ತುಕ್ಕು ಹಿಡಿದು ತೂತು. ಪ್ರತಿ ಶುಕ್ರವಾರ ಪೂಜೆಗೆ ಮುಂಚೆ ಮೇಷ್ಟ್ರು ಒಳಗೂ ಬಕೆಟ್ಟುಗಟ್ಟಲೆ ನೀರು ಸುರಿದು ತೊಳೆದದ್ದರ ಫಲ. ವೆಲ್ಡಿಂಗ್ ಮಾಡಿದರೆ ಸರಿಹೋಗುತ್ತದೆ ಎಂದ. ಭಾಮೈದ ಆರ್‌ಸಿ ಪುಸ್ತಕ ತಿರುವಿಹಾಕಿದ. ನಾನು? ಮಂಚದ ಹಾಸಿಗೆಯನ್ನು ಅಂಗೈಯಲ್ಲಿ ಒತ್ತಿ ನೋಡಿ, ಮೆತ್ತಗಿದೆ ಎಂದೆ.

ಮೇಷ್ಟ್ರನ್ನೂ ಕೂರಿಸಿಕೊಂಡು ಇಲವಾಲದವರೆಗೆ ಓಡಿಸಿದೆವು. ಬ್ರೇಕು, ಗೇರು ಎಲ್ಲ ಸರಿ. ಅದೇ ಖುಷಿಯಲ್ಲಿ ಗಾಡಿಯನ್ನು ನೇರ ನಮ್ಮ ಮನೆಗೇ ತಂದೆವು.

ಸರೋಜ ಗೋಡೆ ಹಿಡಿದುಕೊಂಡು ಬಂದು, ಮೆಲ್ಲಗೆ ಹತ್ತಿ ಮಲಗಿದಳು. ನಂಜುಂಡಿ ಪಾರ್ಕಿಗೆ ಒಂದು ಸುತ್ತು ಹಾಕಿ ನಿಲ್ಲಿಸಿದ. ನೋವಾಯಿತಾ ಎಂದು ಕೇಳಿದೆ. ಇಲ್ಲ ಎಂದಳು. ನಮ್ಮ ಮುಖ ಅರಳಿತು. ಆಮೇಲೆ ಅವಳೇ ಹೇಳಿದಳು:

‘‘ಮಲಗಿದ್ರೆ ಏನೂ ಕಾಣಲ್ಲ ಕಣ್ರೀ. ಕಿಟಕಿ ಅಷ್ಟು ಮೇಲಿದೆ. ಸಮುದ್ರದ ಪಕ್ಕಾನೇ ತಂದು ನಿಲ್ಸಿದ್ರೂ ನಂಗೆ ಕಾಣೋದು ಈ ತಗಡು ತಾನೆ?’’

ಎರಡು ದಿನ ಪರೀಕ್ಷೆ ಮಾಡಿದ ಮೂವರು ಗಂಡಸರಲ್ಲಿ ಒಬ್ಬನಿಗೂ ಇದು ಹೊಳೆದಿರಲಿಲ್ಲ. ಯಾರಿಗಾಗಿ ಕೊಳ್ಳುತ್ತೇವೋ ಅವರೊಬ್ಬರನ್ನು ಬಿಟ್ಟು ಊರಿನವರನ್ನೆಲ್ಲ ಕೇಳುವ ಅಭ್ಯಾಸ ನಮಗೆ ಎಲ್ಲಿಂದ ಬಂತೋ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಮೊದಲು ಅಲುಗಾಡಿದವನು ನಂಜುಂಡಿ. ಸೀಮೆಸುಣ್ಣ ತೆಗೆದು, ‘‘ನಿಮ್ ಕಣ್ಣು ಎಲ್ಲೀಗಂಟ ಬತ್ತದೆ ಅಕ್ಕಾ, ಕೈಯಿಟ್ಟು ತೋರ್ಸಿ’’ ಎಂದ. ಅವಳು ಮಲಗಿದಲ್ಲಿಂದಲೇ ತಗಡಿನ ಮೇಲೆ ಅಂಗೈ ಇಟ್ಟಳು. ಅವನು ಅದರ ಸುತ್ತ ಗೆರೆ ಎಳೆದ. ವ್ಯಾನು ಕೊಂಡೆವು. ಆ ಗೆರೆಯಲ್ಲಿ ಈಗ ಕಿಟಕಿ ಕೊರೆಯುತ್ತಿದ್ದಾರೆ.

ಗೆರೆ ಎಳೆದ ದಿನ ಸಂಜೆ ಮನೆಯಲ್ಲಿ ನಾನು ಅವಳ ಮಂಚದ ಮೇಲೆ ಅಂಗಾತ ಮಲಗಿದೆ. ಫ್ಯಾನು, ಟ್ಯೂಬ್‌ಲೈಟು, ಮೂಲೆಯಲ್ಲಿ ಒಂದು ಜೇಡರ ಬಲೆ. ಅಷ್ಟೇ.

ಮೂರು ವರ್ಷ ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತವನು, ಒಂದೇ ಒಂದು ಸಲ ಅಲ್ಲಿ ಮಲಗಿ ನೋಡಬಾರದಿತ್ತೇ?