ಟ್ಯಾನರಿ ಲೇನಿನಲ್ಲಿ ಕಾಣದ ಗೋಲು

ಮಾಲ್ಕಮ್ ಹಾರ್ಬಾಟಲ್ ಮೈದಾನಗಳನ್ನು ಕೂಡಿಹಾಕುತ್ತಾನೆ, ಬೇರೆಯವರು ಅಂಚೆಚೀಟಿ ಕೂಡಿಹಾಕುವ ಹಾಗೆ. ದೊಡ್ಡ ಕ್ಲಬ್ಬುಗಳ ಮೈದಾನಗಳಲ್ಲ. ಅಂಚೆಯವರು, ಪ್ಲಂಬರ್‌ಗಳು, ಶಾಲಾ ಮಾಸ್ತರರು ವಾರವೆಲ್ಲ ದುಡಿದು ಶನಿವಾರ ಮಧ್ಯಾಹ್ನ ಪೆಟ್ರೋಲ್ ಖರ್ಚಷ್ಟೇ ಪಡೆದು ಫುಟ್‌ಬಾಲ್ ಆಡುತ್ತಾರಲ್ಲ, ಅಂಥವು.

ಈ ಹುಚ್ಚು ಅವನೊಬ್ಬನದಲ್ಲ. ಡರ್ಹಮ್ ಸೀಮೆಯ ಯಾವ ಮೈದಾನಕ್ಕೆ ಹೋದರೂ ಬೇಲಿಯ ಪಕ್ಕ ಇಂಥವರು ಇಬ್ಬರು ಮೂವರು ಸಿಗುತ್ತಾರೆ. ಇವರಲ್ಲಿ ಪಂಥಗಳಿವೆ. ಅರ್ಧ ಆಟ ನೋಡಿದರೆ ಸಾಕು, ಮೈದಾನ ಲೆಕ್ಕಕ್ಕೆ ಬಂತು ಎನ್ನುವವರು ಒಂದು ಕಡೆ. ಗೋಲಿನ ಕಂಬವನ್ನು ಕೈಯಿಂದ ಮುಟ್ಟದೆ ಬಾರದು ಎನ್ನುವವರು ಇನ್ನೊಂದು ಕಡೆ. ಮಾಲ್ಕಮ್‌ನದು ಕಟ್ಟುನಿಟ್ಟಿನ ಪಂಥ. ಗೇಟಿನಲ್ಲಿ ದುಡ್ಡು ಕೊಟ್ಟಿರಬೇಕು, ಮೊದಲ ಸೀಟಿಯಿಂದ ಕೊನೆಯ ಸೀಟಿಯವರೆಗೆ ಒಳಗಿರಬೇಕು, ಮತ್ತು ಒಂದು ಗೋಲನ್ನಾದರೂ ಸ್ವಂತ ಕಣ್ಣಿನಿಂದ ನೋಡಿರಬೇಕು.

ಕಣ್ಣಿನ ಈ ನಿಯಮ ಅವನಿಗೆ ಕೆಲಸದಿಂದ ಬಂದದ್ದು. ನಿವೃತ್ತಿಯವರೆಗೂ ಅವನು ಮನೆಮನೆಗೆ ಹೋಗಿ ಗ್ಯಾಸ್ ಮೀಟರ್ ಓದುತ್ತಿದ್ದ. ಮನೆಗೆ ಬೀಗ ಬಿದ್ದಿದ್ದರೆ ಸಹೋದ್ಯೋಗಿಗಳು ಅಂದಾಜಿನ ಅಂಕಿ ಗೀಚಿ ಮುಂದೆ ಹೋಗುತ್ತಿದ್ದರು. ಮಾಲ್ಕಮ್ ಮರುದಿನ ಮತ್ತೆ ಹೋಗುತ್ತಿದ್ದ. ಅಂದಾಜು ಎಂಬ ಮಾತನ್ನು ಅವನು ಇವತ್ತಿಗೂ ಬೈಗುಳದ ಧಾಟಿಯಲ್ಲೇ ಆಡುತ್ತಾನೆ.

ತನ್ನ ಸೀಮೆಯ ಲೀಗಿನಲ್ಲಿ ಅವನಿಗೆ ಉಳಿದದ್ದು ಒಂದೇ ಮೈದಾನ: ಥೋರ್ನಿಬರ್ನ್ ವೆಲ್ಫೇರ್ ಕ್ಲಬ್ಬಿನ ಟ್ಯಾನರಿ ಲೇನ್. ಹೋಗಿರಲಿಲ್ಲವೆಂದಲ್ಲ. ಒಂದು ಸಲ ಬಿಟ್ಟರೆ ಹೋದಾಗಲೆಲ್ಲ ಎರಡೂ ಕಡೆ ಸೊನ್ನೆ. ಆ ಸಲ ಗೋಲು ಆಗಿಯೇ ಇತ್ತು. ಆದರೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಗೋಲಾಯಿತು ಎಂದು ಆ ತುದಿಯವರು ಬಂದು ಈ ತುದಿಯವರಿಗೆ ಹೇಳಬೇಕಾಯಿತು. ಮಾಲ್ಕಮ್ ಅದನ್ನು ಒಪ್ಪಲಿಲ್ಲ. ಈಗ ಮೈದಾನ ಮಾರಾಟವಾಗಿತ್ತು. ಏಪ್ರಿಲ್‌ನ ಈ ಶನಿವಾರ ಅಲ್ಲಿನ ಕಟ್ಟಕಡೆಯ ಪಂದ್ಯ. ಸೋಮವಾರ ಮನೆ ಕಟ್ಟುವವರ ಬುಲ್ಡೋಜರ್ ಬರುವುದಿತ್ತು.

ಇವತ್ತು ಗೋಲು ಬೇಕಾಗಿದ್ದದ್ದು ಮಾಲ್ಕಮ್‌ನಿಗಿಂತ ಅವನ ಹೆಂಡತಿ ಗ್ಲೆನಿಸ್‌ಗೆ. ಲೀಗು ಪೂರ್ತಿಯಾದ ದಿನದಿಂದ ಶನಿವಾರಗಳೆಲ್ಲ ನಿನ್ನವು ಎಂದು ಅವನು ಯಾವತ್ತೋ ಮಾತು ಕೊಟ್ಟಿದ್ದ. ಚರ್ಚಿನ ಹಾಲ್‌ನಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಚಹಾ, ಕೇಕು, ಜೋಡಿ ನೃತ್ಯ ಇರುತ್ತದೆ. ಗ್ಲೆನಿಸ್ ಅಲ್ಲಿ ಇಷ್ಟು ವರ್ಷ ತನ್ನ ಅಕ್ಕ ಆಡ್ರಿ ಜೊತೆ ಕುಣಿದಿದ್ದಾಳೆ. ಗಂಡಸಿನ ಪಾತ್ರ ಆಡ್ರಿಯದು. ಆಡ್ರಿ ದಪ್ಪ ಹೆಂಗಸು, ತಾಳಕ್ಕೂ ಅವಳಿಗೂ ಮಾತುಕತೆಯಿಲ್ಲ. ಗ್ಲೆನಿಸ್‌ಳ ಎಡಗಾಲಿನ ಹೆಬ್ಬೆರಳು ಇದಕ್ಕೆ ಸಾಕ್ಷಿ. ಹಾಗಾಗಿ ಈ ಸಲ ಅವಳೂ ಕಾರು ಹತ್ತಿದಳು.

"ನಾನು ಆಟ ನೋಡೋಕೆ ಬಂದಿಲ್ಲಪ್ಪಾ, ಇವನ ಮೇಲೆ ಒಂದು ಕಣ್ಣಿಡೋಕೆ ಬಂದಿದೀನಿ," ಎಂದಳು ಗೇಟಿನಲ್ಲಿ.

"ಅದಕ್ಕೂ ಅಷ್ಟೇ ರೇಟು ತಾಯಿ," ಎಂದ ಗೇಟಿನವ.

ಎದುರಾಳಿ ಕೌಡನ್‌ಸೈಡ್. ಮೊದಲರ್ಧದಲ್ಲಿ ಹೇಳುವಂಥದ್ದು ಏನೂ ನಡೆಯಲಿಲ್ಲ. ಟ್ಯಾನರಿ ಲೇನ್ ಒಂದು ಮೂಲೆಗೆ ಇಳಿಜಾರು. ಚೆಂಡು ಯಾರು ಒದ್ದರೂ ಕೊನೆಗೆ ಆ ಮೂಲೆಗೇ ಹೋಗಿ ಕೂರುತ್ತಿತ್ತು, ಆಟಗಾರರು ಅದನ್ನು ಕರೆದುಕೊಂಡು ಬರಲು ಹೋಗುತ್ತಿದ್ದರು.

"ಹಾಕ್ರೋ! ಯಾರಾದ್ರೂ ಹಾಕ್ರೋ!" ಎಂದು ಗ್ಲೆನಿಸ್ ಕಿರುಚಿದಳು.

ಪಕ್ಕದಲ್ಲಿ ನಾಯಿ ಹಿಡಿದು ನಿಂತಿದ್ದ ಮುದುಕ ತಿರುಗಿ ನೋಡಿದ. "ನೀವು ಯಾರ ಕಡೆ ಅಮ್ಮಾ?"

"ನಾನು ಚೆಂಡಿನ ಕಡೆ."

"ಹಾಗಾದ್ರೆ ಕಷ್ಟ ಬಿಡಿ. ಇವತ್ತು ಎಲ್ಲಕ್ಕಿಂತ ಜಾಸ್ತಿ ಒದೆ ತಿಂತಿರೋದು ಅದೇ."

ವಿರಾಮದ ಹೊತ್ತಿಗೆ ನೈಜೆಲ್ ಬಂದ. ನೈಜೆಲ್ ಕೂಡ ಮೈದಾನ ಕೂಡಿಹಾಕುವವನೇ, ಆದರೆ ಅರ್ಧ ಆಟದ ಪಂಥ. ಒಂದೇ ಮಧ್ಯಾಹ್ನ ಎರಡು ಊರಿನಲ್ಲಿ ಎರಡರ್ಧ ನೋಡಿ ಎರಡು ಮೈದಾನ ಎಣಿಸಿಕೊಳ್ಳುವ ಆಸಾಮಿ.

"ಇನ್ನೂ ಸೊನ್ನೆನಾ?" ಎಂದ ನೈಜೆಲ್, ಹಲ್ಲು ಕಿಸಿದು.

"ಈಗ ಬಂದ್ಯಾ? ಮದುವೆಗೆ ಬಂದು ಊಟ ಮಾತ್ರ ಮಾಡ್ಕೊಂಡು ಹೋಗೋ ಜಾತಿ ಕಣೋ ನೀನು," ಎಂದ ಮಾಲ್ಕಮ್.

ಇಂಥ ಮೈದಾನಗಳಲ್ಲಿ ಒಂದು ರೂಢಿಯಿದೆ. ವಿರಾಮದಲ್ಲಿ ತಂಡಗಳು ದಿಕ್ಕು ಬದಲಿಸಿದಾಗ ಪ್ರೇಕ್ಷಕರೂ ಬದಲಿಸುತ್ತಾರೆ. ಊರಿನವರೆಲ್ಲ ನಾಯಿ, ಮೊಮ್ಮಕ್ಕಳು, ಬಿಯರ್ ಲೋಟಗಳ ಸಮೇತ ಬೇಲಿಗುಂಟ ನಡೆದು, ತಮ್ಮವರು ಇನ್ನು ಯಾವ ಗೋಲಿನತ್ತ ಆಡುತ್ತಾರೋ ಅದರ ಹಿಂದೆ ಹೋಗಿ ನಿಲ್ಲುತ್ತಾರೆ. ಗ್ಲೆನಿಸ್ ಆ ಮೆರವಣಿಗೆಯಲ್ಲಿ ನಡೆದಳು. "ಚಹಾ ತಗೊಂಡು ಬಾ," ಎಂದು ಗಂಡನಿಗೆ ಹೇಳಿಹೋದಳು.

ಚಹಾ ಗುಡಿಸಲಿನ ಬೆರಿಲ್ ಆವತ್ತು ಪ್ರತಿಯೊಬ್ಬರನ್ನೂ ಬೀಳ್ಕೊಡುತ್ತಿದ್ದಳು. ಸರದಿಯಲ್ಲಿ ಬಂದವರಿಗೆಲ್ಲ ಒಂದು ಅಪ್ಪುಗೆ, ಎರಡು ಹಳೆಯ ನೆನಪು, ಆಮೇಲೆ ಚಹಾ.

"ಬೆರಿಲ್, ಸ್ವಲ್ಪ ಬೇಗ," ಎಂದ ಮಾಲ್ಕಮ್.

"ಮೂವತ್ತು ವರ್ಷದಿಂದ ಇಲ್ಲಿ ನಿಂತಿದೀನಿ ಕಂದಾ. ಒಂದು ಗೋಲೂ ನೋಡಿಲ್ಲ, ಸತ್ತಿಲ್ಲ. ಪೈಗೆ ಸಾಸ್ ಹಾಕ್ಲಾ?"

ಆಟ ಮತ್ತೆ ಶುರುವಾಗುವ ಸೀಟಿ ಕೇಳಿಸಿತು. ಎರಡು ಕೈಯಲ್ಲಿ ಎರಡು ಲೋಟ, ಬಗಲಲ್ಲಿ ಮಾಂಸದ ಪೈ ಒತ್ತಿಕೊಂಡು ಮಾಲ್ಕಮ್ ಹೊರಟ. ಗುಡಿಸಲಿನ ಮುಂದಿನ ದಾರಿ ಕೆಸರಾಗಿತ್ತು. ಚಹಾ ಚೆಲ್ಲಬಾರದೆಂದು ಅವನು ಅದರ ಹಿಂಬದಿಯಿಂದ ಬಳಸಿಕೊಂಡು ಬಂದ. ಅಲ್ಲಿ ಮೈದಾನಕ್ಕೂ ಅವನಿಗೂ ನಡುವೆ ತಗಡಿನ ಗೋಡೆ, ಹದಿನೈದು ಹೆಜ್ಜೆಯಷ್ಟು. ಅರ್ಧ ದಾಟಿದ್ದನೋ ಇಲ್ಲವೋ, ತಗಡು ನಡುಗುವಂಥ ಕೂಗು ಎದ್ದಿತು.

ಅವನು ಅಲ್ಲೇ ನಿಂತ. ಓಡಿ ಪ್ರಯೋಜನವಿರಲಿಲ್ಲ. ಬಗಲಿನ ಪೈಯಿಂದ ಬಿಸಿ ರಸ ಸೊಂಟದ ಕಡೆಗೆ ಇಳಿಯುತ್ತಿತ್ತು.

ಅವನು ಬೇಲಿ ಸೇರಿದಾಗ ಗ್ಲೆನಿಸ್ ನಾಯಿಯ ಮುದುಕನನ್ನು ತಬ್ಬಿಕೊಂಡು ಕುಣಿಯುತ್ತಿದ್ದಳು. "ಆಯ್ತು ಮಾಲ್ಕಮ್, ಆಯ್ತು! ನೋಡಿದ್ಯಾ?"

ಮಾಲ್ಕಮ್ ಅವಳ ಕೈಗೆ ಚಹಾ ಕೊಟ್ಟ. ಅವನ ಮುಖ ನೋಡಿ ಅವಳ ಕುಣಿತ ನಿಂತಿತು.

"ಅಯ್ಯೋ ಪುಣ್ಯಾತ್ಮಾ, ಎಲ್ಲಿದ್ದೆ?"

"ಗುಡಿಸಲಿನ ಹಿಂದೆ. ನೀನೇ ಹೇಳಿದ್ದು ಚಹಾ ತಗೊಂಡು ಬಾ ಅಂತ."

"ಇಷ್ಟು ವರ್ಷದಲ್ಲಿ ನಾನು ಹೇಳಿದ್ದು ಒಂದೂ ಕೇಳಿಲ್ಲ. ಇದೊಂದು ಕೇಳ್ಬೇಕಾಗಿತ್ತಾ!"

"ಹೇಗಾಯ್ತು?" ಎಂದ ಅವನು.

"ಆ ಬೋಳುತಲೆಯವನಿಲ್ವಾ, ನಮ್ಮ ಕಡೆಯವನು? ಗೋಲಿನ ಮುಂದೆ ಬಗ್ಗಿ ಬೂಟಿನ ದಾರ ಕಟ್ಕೊಳ್ತಿದ್ದ. ಯಾರೋ ಎಲ್ಲಿಂದಲೋ ಒದ್ದದ್ದು ಅವನ ಕುಂಡೆಗೆ ಬಡಿದು ಒಳಗೆ ಹೋಯ್ತು. ಅವನಿನ್ನೂ ದಾರ ಕಟ್ತಾನೇ ಇದ್ದ."

ಮಾಲ್ಕಮ್ ಕಣ್ಣು ಮುಚ್ಚಿಕೊಂಡ. ಐವತ್ತು ವರ್ಷ ಬೇಲಿಗೆ ಒರಗಿದವನು ಅವನು. ಅಂಥ ಗೋಲನ್ನು ಒಂದೇ ಒಂದು ಸಲವೂ ಕಂಡಿರಲಿಲ್ಲ.

ಗ್ಲೆನಿಸ್ ಸೋಲೊಪ್ಪುವವಳಲ್ಲ. ಗೋಲಿನ ಹಿಂದೆಯೇ ನಿಂತಿದ್ದಳಲ್ಲ, ಎದುರಾಳಿಗಳ ಗೋಲ್‌ಕೀಪರನನ್ನೇ ಹಿಡಿದಳು. "ಮಗಾ, ಇನ್ನೊಂದೇ ಒಂದು ಬಿಡೋ."

"ಒಂದು ಬಿಟ್ಟಾಯ್ತಲ್ಲಮ್ಮಾ!"

"ಅದನ್ನ ಇವನು ನೋಡಿಲ್ಲ ಕಣೋ."

"ನಾನೂ ನೋಡಿಲ್ಲ," ಎಂದ ಕೀಪರ್. "ಆ ಬೋಳ ಅಡ್ಡ ಇದ್ದ."

ಕೊನೆಯ ನಿಮಿಷಗಳಲ್ಲಿ ಆ ತುದಿಯಲ್ಲಿ ಕೌಡನ್‌ಸೈಡ್‌ಗೆ ಪೆನಾಲ್ಟಿ ಸಿಕ್ಕಿತು. ಊರಿನವರೆಲ್ಲ ರೆಫರಿಯ ಕಣ್ಣು, ತಲೆ, ತಾಯಿತಂದೆಗಳ ವಿಚಾರ ಎತ್ತಿದರು. ಮಾಲ್ಕಮ್ ಒಬ್ಬನೇ ದೂರದ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡ. ಕಣ್ಣು ಮಿಟುಕಿಸಲಿಲ್ಲ. ಗ್ಲೆನಿಸ್ ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಆ ಕಡೆಗೇ ತಿರುಗಿಸಿ ಇಟ್ಟಿದ್ದಳು.

ಒದ್ದವನು ಊರೂರಿಗೆ ಬ್ರೆಡ್ ವ್ಯಾನ್ ಓಡಿಸುವ ಹುಡುಗ. ಚೆಂಡು ಅಡ್ಡಪಟ್ಟಿಯ ಮೇಲೆ ಹಾರಿತು, ಬೇಲಿಯ ಮೇಲೆ ಹಾರಿತು, ಆಚೆಯ ತರಕಾರಿ ತೋಟಗಳಿಗೆ ಹೋಯಿತು. ಆಮೇಲೆ ಗಾಜು ಒಡೆದ ಸದ್ದು.

"ಯಾರದ್ದೋ ಟೊಮೆಟೊ ಬೆಳೆಸೋ ಗಾಜಿನ ಮನೆ ಹೋಯ್ತು," ಎಂದ ನಾಯಿಯ ಮುದುಕ. ಆಮೇಲೆ, ದಿಕ್ಕು ಅಂದಾಜು ಮಾಡಿ, "ನಂದೇ," ಎಂದ.

ಕೊನೆಯ ಸೀಟಿ ಆಯಿತು. ಜನ ಬೇಲಿ ದಾಟಿ ಒಳನುಗ್ಗಿದರು; ಕೆಲವರು ನೆನಪಿಗೆಂದು ಚೂರಿಯಿಂದ ಹುಲ್ಲಿನ ತುಂಡು ಕತ್ತರಿಸಿಕೊಂಡರು. ನೈಜೆಲ್ ಹತ್ತಿರ ಬಂದು ದನಿ ತಗ್ಗಿಸಿದ. "ಎಣಿಸ್ಕೋ ಮಾರಾಯಾ. ಒಳಗೇ ಇದ್ದೆ, ಸದ್ದು ಕೇಳಿದೆ. ಯಾರು ಕೇಳ್ತಾರೆ?"

"ಹೌದು, ಎಣಿಸ್ಕೋ," ಎಂದಳು ಗ್ಲೆನಿಸ್.

"ಬಾಗಿಲ ಹೊರಗೆ ನಿಂತು ಸದ್ದು ಕೇಳಿ ಮೀಟರ್ ಓದೋಕಾಗುತ್ತಾ?" ಎಂದ ಮಾಲ್ಕಮ್.

ಕಾರಿನಲ್ಲಿ ಕೂತ ಮೇಲೆ ಗ್ಲೆನಿಸ್ ಸೀಟು ಬೆಲ್ಟು ಹಾಕಿಕೊಳ್ಳುತ್ತ ತಡೆದಳು. "ಸೋಮವಾರ ಇದು ನೆಲಸಮ. ಅಂದ್ರೆ ನಿನ್ನ ಲೀಗು ಇನ್ನು ಯಾವತ್ತೂ ಪೂರ್ತಿ ಆಗಲ್ಲ. ಅಂದ್ರೆ ನಾನು ಸಾಯೋವರೆಗೂ ಆಡ್ರಿ ಜೊತೆಗೇ ಕುಣೀಬೇಕು."

ಈ ಲೆಕ್ಕ ಮಾಲ್ಕಮ್‌ನಿಗೆ ಪೆನಾಲ್ಟಿ ಹಾರಿಹೋದಾಗಲೇ ಹೊಳೆದಿತ್ತು. ಆಗ ಅವನಿಗೆ ಆದದ್ದು ಪೂರ್ತಿ ದುಃಖವೇ ಆಗಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಶನಿವಾರಗಳೆಲ್ಲ ಅವನವೇ. ಕೀಲಿ ತಿರುಗಿಸಿದ. ಎಂಜಿನ್ ಶುರುವಾಯಿತು. ಕಾರು ಹೊರಡಲಿಲ್ಲ.

"ಇಲ್ಲ," ಎಂದ ಕೊನೆಗೆ. "ಲೀಗು ಅಂದ್ರೆ ಕ್ಲಬ್ಬುಗಳು ಈಗ ಆಡೋ ಮೈದಾನಗಳು. ಇದು ಇವತ್ತಿಗೆ ಮುಗೀತು. ಥೋರ್ನಿಬರ್ನ್‌ನವರು ಆಗಸ್ಟಿಂದ ಈಜುಕೊಳದ ಹಿಂದಿನ ಹೊಸ ಮೈದಾನದಲ್ಲಿ ಆಡ್ತಾರೆ. ಅಲ್ಲೊಂದು ಗೋಲು ನೋಡಿದ್ರೆ ಪೂರ್ತಿ ಆದ ಹಾಗೆ."

ಗ್ಲೆನಿಸ್ ಅವನನ್ನು ದಿಟ್ಟಿಸಿದಳು. "ಇದು ನಿಯಮನಾ, ಈಗ ಹುಟ್ಟಿಸಿದ್ದಾ?"

"ನಿಯಮ. ನೈಜೆಲ್‌ನ ಬೇಕಾದ್ರೂ ಕೇಳು. ಇದೊಂದ್ರಲ್ಲಿ ನಾವಿಬ್ರೂ ಒಂದೇ."

"ಸರಿ. ಆಗಸ್ಟಲ್ಲಿ ಚಹಾ ನಾನು ತರ್ತೀನಿ. ನೀನು ಬೇಲಿ ಬಿಟ್ಟು ಅಲ್ಲಾಡಿದ್ರೆ ಕಾಲು ಮುರೀತೀನಿ."

"ಕಾಲು ಮುರಿದ್ರೆ ಕುಣಿಯೋದು ಹೇಗೆ?"

ಕಾರು ಹೊರಟಿತು. ಊರಾಚೆಯ ವೃತ್ತ ದಾಟುವವರೆಗೂ ಗ್ಲೆನಿಸ್ ಏನೋ ಯೋಚಿಸುತ್ತಿದ್ದಳು.

"ನಾನು ಗೇಟಲ್ಲಿ ದುಡ್ಡು ಕೊಟ್ಟಿದೀನಿ, ಅಲ್ವಾ?"

"ಹೂಂ."

"ಮೊದಲಿಂದ ಕೊನೇವರೆಗೂ ಒಳಗಿದ್ದೆ."

"ಹೂಂ."

"ಗೋಲು ಕಣ್ಣಾರೆ ನೋಡಿದೀನಿ."

ಮಾಲ್ಕಮ್ ಗೇರ್ ಬದಲಿಸಿದ. ಮುಂದೆ ಬರುವ ಮಾತು ಯಾವುದೆಂದು ಅವನಿಗೆ ಗೊತ್ತಿತ್ತು, ಅದಕ್ಕೆ ಇರುವುದು ಒಂದೇ ಉತ್ತರವೆಂದೂ ಗೊತ್ತಿತ್ತು.

"ಹಾಗಾದ್ರೆ ಟ್ಯಾನರಿ ಲೇನ್ ನಂದು," ಎಂದಳು ಗ್ಲೆನಿಸ್.

"ನಿಂದೇ," ಎಂದ ಮಾಲ್ಕಮ್. ಸ್ವಲ್ಪ ದೂರ ಹೋದ ಮೇಲೆ, "ಆ ಬೋಳ ಯಾವ ಕಾಲಿನ ದಾರ ಕಟ್ತಿದ್ದ?" ಎಂದು ಕೇಳಿದ.